ದುರ್ಬೀನಕ್ಕ ಆರಿಸಿದ ಅಕ್ಕಿ

ನಮ್ಮ ಗೋಡೆಗೆ ಗೋಡೆ ಅಂಟಿಕೊಂಡ ಮನೆಯವಳಿಗೆ ದುರ್ಬೀನಕ್ಕ ಎಂದು ಹೆಸರಿಟ್ಟವಳು ನಾನೇ. ಅವಳ ಎದುರಿಗೆ ಹಾಗೆ ಕರೆಯುವ ಧೈರ್ಯ ಮೊದಮೊದಲು ಯಾರಿಗೂ ಇರಲಿಲ್ಲ. ಆಮೇಲೊಂದು ದಿನ ಅವಳೇ ಕೇಳಿಸಿಕೊಂಡು, "ದುರ್ಬೀನು ದೂರದ್ದನ್ನ ತೋರ್ಸುತ್ತೆ ಕಣೇ. ನಂದು ಹತ್ತಿರದ್ದು ನೋಡೋ ಕಣ್ಣು," ಎಂದು ನನ್ನನ್ನೇ ತಿದ್ದಿದಳು. ಹೆಸರು ಮಾತ್ರ ಉಳಿದುಕೊಂಡಿತು.

ನಾವಿಬ್ಬರೂ ಒಂದೇ ಬಟ್ಟೆ ಕಾರ್ಖಾನೆಯಲ್ಲಿ ದುಡಿದವರು. ನಾನು ಗುಂಡಿ ಹಚ್ಚುವ ಸಾಲಿನಲ್ಲಿ, ಅವಳು ಚೆಕಿಂಗ್ ಮೇಜಿನಲ್ಲಿ. ಹೊಲಿದು ಬಂದ ಶರ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಾಲರಿನಿಂದ ಕೆಳಗಂಚಿನವರೆಗೆ ಬೆರಳಾಡಿಸಿ, ಎಲ್ಲಾದರೂ ದಾರದ ತುದಿ ಇಣುಕಿದರೆ, ಗುಂಡಿ ಕೂದಲೆಳೆಯಷ್ಟು ಓರೆಯಾಗಿದ್ದರೆ, "ವಾಪಸ್" ಎಂದು ನಮ್ಮ ಕಡೆ ಎಸೆಯುವುದು ಅವಳ ಕೆಲಸ. ಆ ಮೇಜಿಗೆ ಇನ್ನೊಂದು ಮಾತಿತ್ತು, "ಪಾಸ್" ಎಂದು. ಉಳಿದ ಚೆಕಿಂಗಿನವರು ಅದನ್ನು ಧಾರಾಳವಾಗಿ ಅನ್ನುತ್ತಿದ್ದರು. ಇವಳ ಬಾಯಲ್ಲಿ ಆ ಮಾತು ಬಂದದ್ದನ್ನು ನಾನು ಕೇಳಿಲ್ಲ. ಸರಿಯಾಗಿದ್ದ ಶರ್ಟನ್ನು ಸುಮ್ಮನೆ ಬಲಗಡೆಗೆ ಸರಿಸಿಬಿಡುತ್ತಿದ್ದಳು. ಒಮ್ಮೆ ಕೇಳಿಯೂ ಕೇಳಿದೆ. "ನೆಟ್ಟಗೆ ಹೊಲಿಯೋದು ನಿಮ್ ಕೆಲಸ. ಅದಕ್ಕೆ ಶಹಭಾಸ್ ಬೇರೆ ಹೇಳ್ಬೇಕಾ?" ಅಂದಳು.

ಅವಳ ವಾಪಸ್ ಕೇಳಿ ಕೇಳಿ ನನ್ನ ಹೊಟ್ಟೆ ಉರಿದದ್ದು ಅಷ್ಟಿಷ್ಟಲ್ಲ. ಮೊಣಕಾಲು ಕೈಕೊಟ್ಟು ನಾನು ಕೆಲಸ ಬಿಟ್ಟು, ಹಿತ್ತಲಲ್ಲಿ ಕೋಳಿ ಸಾಕಿಕೊಂಡು ಕೂತ ಮೇಲೆ ಇನ್ನು ಆ ಮಾತಿನ ಕಾಟ ತಪ್ಪಿತು ಅಂದುಕೊಂಡೆ. ಎಲ್ಲಿ ತಪ್ಪುತ್ತದೆ? ಗೋಡೆಯಾಚೆಯಿಂದ ದಿನವೂ ಕೇಳಿಸುತ್ತಿತ್ತು. ಗೋಡೆಗೆ ಬಣ್ಣ ಬಳಿಯುವ ಗಂಡ ತಂದ ಟೊಮೆಟೊ ವಾಪಸ್, ಟೆಂಪೊ ಓಡಿಸುವ ಮಗ ತಂದ ಸೋಪು ವಾಪಸ್, ಮದುವೆಯಾಗಿ ಬಂದ ಸೊಸೆ ಮಡಿಸಿಟ್ಟ ಬಟ್ಟೆ ವಾಪಸ್. ಸೊಸೆ ನಗುಮುಖದ ಹುಡುಗಿ. "ಆಯ್ತು ಅತ್ತೆ, ಇನ್ನೊಂದ್ಸಲ ಮಡಿಸ್ತೀನಿ," ಎಂದು ನಗುತ್ತಲೇ ಮಡಿಸುತ್ತಿದ್ದಳು. ನಾನಾಗಿದ್ದರೆ ಬಟ್ಟೆಯನ್ನು ಮುಖಕ್ಕೆ ಎಸೆಯುತ್ತಿದ್ದೆ.

ಹಾಗಂತ ದುರ್ಬೀನಕ್ಕ ಕೆಟ್ಟವಳಲ್ಲ. ಯಾರ ಮನೆಯಲ್ಲಿ ಕಾಯಿಲೆಯಾದರೂ ಮೊದಲು ಚಪ್ಪಲಿ ಮೆಟ್ಟುವವಳು ಅವಳೇ. ನಾಲಿಗೆ ಮಾತ್ರ ಸೂಜಿ.

ಅಕ್ಕಿಯ ವಿಷಯಕ್ಕೆ ಬರುತ್ತೇನೆ. ಸರ್ಕಾರ ಅಗ್ಗದ ಅಕ್ಕಿ ಕೊಡುವುದಕ್ಕೆ ಮುಂಚೆ ನಮ್ಮ ಓಣಿಯಲ್ಲಿ ಸಂಬಳದ ದೊಡ್ಡ ಪಾಲು ಅಕ್ಕಿಯ ಚೀಲಕ್ಕೇ ಹೋಗುತ್ತಿತ್ತು. ತಿಂಗಳ ಕೊನೆಯಲ್ಲಿ ಪಾತ್ರೆಯಲ್ಲಿ ನೀರೇ ಜಾಸ್ತಿ. ಮಕ್ಕಳು ಬೇಗ ಮಲಗಲಿ ಎಂದು ದೀಪ ಆರಿಸುತ್ತಿದ್ದ ಮನೆಗಳು ನನಗೆ ಗೊತ್ತು, ಅದರಲ್ಲಿ ನಮ್ಮದೂ ಒಂದು. ರೇಷನ್ ಅಂಗಡಿಯಲ್ಲಿ ಅಕ್ಕಿ ಹೆಚ್ಚುಕಡಿಮೆ ಪುಕ್ಕಟೆಯಾಗಿ ಸಿಗತೊಡಗಿದ ಮೇಲೆ ಆ ಹಸಿವು ಓಣಿ ಬಿಟ್ಟು ಹೋಯಿತು. ಪುಕ್ಕಟೆ ಅಕ್ಕಿಯಿಂದ ಜನ ಸೋಮಾರಿಗಳಾದರು ಎಂದು ಹೊಟ್ಟೆ ತುಂಬಿದವರು ಯಾರಾದರೂ ನನ್ನೆದುರು ಅಂದರೆ ಅವರ ಬೆವರಿಳಿಸಿಯೇ ಕಳಿಸುತ್ತೇನೆ.

ಆದರೆ ಇನ್ನೊಂದೂ ಆಯಿತು, ಅದನ್ನೂ ಹೇಳಬೇಕು. ಅಕ್ಕಿ ಇದೆಯಲ್ಲ ಎಂದು ಬೆಳಿಗ್ಗೆ ಅನ್ನ, ಮಧ್ಯಾಹ್ನ ಅನ್ನ, ರಾತ್ರಿಯೂ ಅನ್ನ. ತಟ್ಟೆಯಲ್ಲಿ ಅನ್ನದ ಗುಡ್ಡ ಎದ್ದಿತು. ಅದರ ಪಕ್ಕದ ಸೊಪ್ಪು, ಕಾಳು, ತರಕಾರಿ ನಾಚಿಕೊಂಡು ಅಂಚಿಗೆ ಸರಿದವು. ಅಕ್ಕಿಯಲ್ಲಿ ಉಳಿದ ದುಡ್ಡು ಫೋನಿನ ರೀಚಾರ್ಜಿಗೆ, ಬೈಕಿನ ಪೆಟ್ರೋಲಿಗೆ, ಅಂಗಡಿಯಲ್ಲಿ ನೇತಾಡುವ ಚಿಪ್ಸ್ ಪೊಟ್ಟಣಕ್ಕೆ ಹೋಯಿತು. ಹೊಟ್ಟೆ ತುಂಬಿದ ಮೇಲೆ ಊಟ ಆಯಿತು ಎಂದೇ ಲೆಕ್ಕ. ಅದರಲ್ಲಿ ಏನಿತ್ತು, ಏನಿರಲಿಲ್ಲ ಎಂದು ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ಹೀಗಿರುವಾಗ ಒಂದು ಸಲ ರೇಷನ್ ಅಕ್ಕಿಯಲ್ಲಿ ಹೊಸ ಬಗೆಯ ಕಾಳು ಬಂತು. ಏನು, ಎತ್ತ ಎಂದು ಅಂಗಡಿಯವನು ಹೇಳಲಿಲ್ಲ. ಅವನು ಮಾತನ್ನೂ ತೂಕ ಹಾಕಿ ಕೊಡುವ ಆಸಾಮಿ, ಅದರಲ್ಲೂ ಕಡಿಮೆ ತೂಕ. ನಾವೆಲ್ಲ ತಂದೆವು, ಬೇಯಿಸಿದೆವು, ತಿಂದೆವು. ಕಂಡದ್ದು ಒಬ್ಬಳಿಗೆ ಮಾತ್ರ.

ಅವತ್ತು ಅವಳಿಗೆ ರಜೆ. ಎರಡೂ ಮನೆಗೆ ಸೇರಿದ ಮೆಟ್ಟಿಲ ಮೇಲೆ ಮೊರ ಇಟ್ಟುಕೊಂಡು ಕೂತಿದ್ದವಳು ನನ್ನನ್ನು ಕೂಗಿ ಕರೆದಳು.

"ಇಲ್ಲಿ ನೋಡೇ. ಈ ಕಾಳು ನೋಡು. ಈಗ ಇದನ್ನ ನೋಡು."

"ಎರಡೂ ಅಕ್ಕಿನೇ ಅಲ್ವಾ ಅಕ್ಕಾ?"

"ನಿನ್ ಕಣ್ಣಿಗೂ ಗುಂಡಿ ಹಚ್ಚಿದೀಯಾ? ಹೊಲದಲ್ಲಿ ಬೆಳೆದಿದ್ದು ಒಂದರ ಹಾಗೆ ಇನ್ನೊಂದು ಇರಲ್ಲ. ಒಂದು ಸೊಟ್ಟ, ಒಂದು ಗಿಡ್ಡ, ಒಂದರ ಮೂತಿ ಮುರಿದಿರುತ್ತೆ. ಈ ಹಳದಿ ಬಣ್ಣದವು ನೋಡು, ಎಲ್ಲಾ ಒಂದೇ ಅಚ್ಚು. ಇವು ಮೆಷಿನ್ನಿಂದ ಬಂದಿದ್ದು."

ಲೋಟದ ನೀರಿಗೆ ಹಾಕಿ ತೋರಿಸಿದಳು. ಅವುಗಳಲ್ಲಿ ಕೆಲವು ತೇಲಿದವು. "ಪ್ಲಾಸ್ಟಿಕ್ಕು!" ಎಂದು ತೀರ್ಪು ಕೊಟ್ಟಳು. ಪ್ಲಾಸ್ಟಿಕ್ ಅಕ್ಕಿಯ ಸುದ್ದಿ ಆಗಲೇ ಫೋನಿನಿಂದ ಫೋನಿಗೆ ಹಾರಾಡುತ್ತಿತ್ತು. ಈಗ ಚೆಕಿಂಗ್ ಮೇಜಿನವಳೇ ಹೇಳಿದ ಮೇಲೆ ಓಣಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಅವತ್ತಿನಿಂದ ಅವಳು ಅಕ್ಕಿ ಆರಿಸಿಯೇ ಒಲೆಗೆ ಏರಿಸಿದಳು. ಆ ಬೆರಳುಗಳ ಓಟ ನೋಡುವುದೇ ಒಂದು ಚೆಂದ. ಹಿಡಿ ಅಕ್ಕಿಯಲ್ಲಿ ಅಡಗಿದ ಒಂದೇ ಒಂದು ಕಾಳನ್ನೂ ಬಿಡುತ್ತಿರಲಿಲ್ಲ. ಉಳಿದ ಹೆಂಗಸರಿಗೆ ಅಷ್ಟು ಕಣ್ಣೆಲ್ಲಿ? ತಮ್ಮ ತಮ್ಮ ಅಕ್ಕಿಯನ್ನೂ ತಂದು ಅವಳ ಮುಂದೆ ಸುರಿದರು. ಅವಳೂ ಬೇಸರಿಸದೆ ಮಾಡಿಕೊಟ್ಟಳು. ರಜೆಯ ದಿನ ನಮ್ಮ ಮೆಟ್ಟಿಲೇ ಕಾರ್ಖಾನೆಯಾಗುತ್ತಿತ್ತು. ಆರಿಸಿ ತೆಗೆದ ಕಾಳು ನನ್ನ ಕೋಳಿಗಳ ಪಾಲು.

"ಪ್ಲಾಸ್ಟಿಕ್ ಆದ್ರೆ ನನ್ ಕೋಳಿ ಸಾಯಲ್ವಾ?" ಎಂದು ಕೇಳಿದೆ.

"ಕೋಳಿ ಕಲ್ಲನ್ನೇ ತಿಂದು ಅರಗಿಸ್ಕೊಳ್ಳುತ್ತೆ. ನಿನ್ ಕೋಳಿಗೇನಾಗುತ್ತೆ?"

ಏನೂ ಆಗಲಿಲ್ಲ. ದಷ್ಟಪುಷ್ಟವಾಗಿ ಬೆಳೆದವು. ಅದನ್ನು ನೋಡಿಯಾದರೂ ನಮಗೆ ಅನುಮಾನ ಬರಬೇಕಿತ್ತು.

ಅಷ್ಟರಲ್ಲಿ ಸೊಸೆ ಬಸುರಿಯಾದಳು. ತಿಂಗಳು ಏರುತ್ತಿದ್ದಂತೆ ಹುಡುಗಿ ಸೋತು ಹೋದಳು. ಕೊಡ ಎತ್ತಿದರೆ ಏದುಸಿರು, ಮೆಟ್ಟಿಲು ಹತ್ತಿದರೆ ಕಣ್ಣಿಗೆ ಕತ್ತಲೆ. ನಗು ಮಾತ್ರ ಇತ್ತು, ಅದಕ್ಕೂ ಬಣ್ಣ ಇರಲಿಲ್ಲ. ಒಂದು ದಿನ ಅವಳ ತುಟಿಯಂಚಿನಲ್ಲಿ ಬೆಳ್ಳಗೆ ಏನೋ ಅಂಟಿದ್ದು ಕಂಡು, "ಏನೇ ಅದು?" ಎಂದೆ. ನಾಚಿಕೊಂಡು ಸೆರಗಿನ ಗಂಟು ಬಿಚ್ಚಿ ತೋರಿಸಿದಳು. ಬಳಪದ ಚೂರುಗಳು. "ತಿನ್ಬೇಕು ಅನ್ಸುತ್ತೆ ಚಿಕ್ಕಮ್ಮ. ತಡ್ಕೊಳ್ಳೋಕೇ ಆಗಲ್ಲ. ಅತ್ತೆಗೆ ಹೇಳ್ಬೇಡಿ." ಬಸುರಿಯ ಬಯಕೆ ಎಂದು ನಾನೂ ಸುಮ್ಮನಾದೆ.

ಹತ್ತಿರದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರು. ಅಲ್ಲಿನ ನರ್ಸು ಮುಚ್ಚುಮರೆ ಮಾಡಲಿಲ್ಲ. ರಕ್ತ ತುಂಬ ಕಡಿಮೆ ಇದೆ, ಹೀಗೇ ಇದ್ದರೆ ಇಲ್ಲಿ ಹೆರಿಗೆ ಮಾಡಿಸುವಂತಿಲ್ಲ, ಹೆರಿಗೆಯಲ್ಲಿ ಸ್ವಲ್ಪ ಹೆಚ್ಚು ರಕ್ತ ಹೋದರೂ ತಡೆದುಕೊಳ್ಳುವ ಶಕ್ತಿ ಈ ಹುಡುಗಿಗಿಲ್ಲ ಎಂದರು. ಮುಂದಿನ ಪರೀಕ್ಷೆಯ ಹೊತ್ತಿಗೆ ಏರದಿದ್ದರೆ ಊರಾಚೆಯ ದೊಡ್ಡಾಸ್ಪತ್ರೆಗೆ ಸೇರಿಸಬೇಕು, ರಕ್ತದ ಬಾಟಲಿ ಏರಿಸಬೇಕು.

ದುರ್ಬೀನಕ್ಕನ ಬೆನ್ನಿಗೆ ಹುಟ್ಟಿದ ತಂಗಿ ಹೋದದ್ದು ಹಾಗೆಯೇ. ಹೆರಿಗೆಯಾಗಿ, ರಕ್ತ ನಿಲ್ಲದೆ, ಗಾಡಿ ಹುಡುಕುವಷ್ಟರಲ್ಲಿ. ಮನೆಗೆ ಬಂದವಳೇ ನೀರೂ ಕುಡಿಯದೆ ಮೊರ ಎಳೆದುಕೊಂಡು ಕೂತಳು. "ಬಸುರಿ ಹೊಟ್ಟೆಗೆ ಒಂದು ಕಾಳು ಪ್ಲಾಸ್ಟಿಕ್ಕೂ ಹೋಗ್ಬಾರ್ದು ಕಣೇ," ಎಂದು ಆರಿಸಿದ್ದನ್ನೇ ಮತ್ತೆ ಆರಿಸತೊಡಗಿದಳು. ಕೊಟ್ಟ ಗುಳಿಗೆ ನುಂಗಿದರೆ ಸೊಸೆಗೆ ವಾಂತಿ. ಬೆಳಿಗ್ಗೆ ನುಂಗುವುದು, ಮೋರಿಯ ಹತ್ತಿರ ಓಡುವುದು. ಕೊನೆಕೊನೆಗೆ ನುಂಗುವುದನ್ನೇ ಬಿಟ್ಟಳು. ನನಗೂ ಭಯವಾಯಿತು. ಗೋಡೆಯಾಚೆ ವಾಪಸ್ ಎಂಬ ಮಾತು ನಿಂತೇ ಹೋಗಿತ್ತು, ಅದೇ ನನ್ನ ದೊಡ್ಡ ಭಯ.

ನರ್ಸು ಮನೆಗೇ ಬಂದದ್ದು ಅಂಥ ಒಂದು ಬೆಳಿಗ್ಗೆ. ಬಸುರಿಯರಿರುವ ಮನೆಗಳಿಗೆ ಹೋಗಿ ನೋಡಿಕೊಂಡು ಬರುವುದು ಅವರ ಕೆಲಸ. ಮೆಟ್ಟಿಲು ಹತ್ತುವಾಗ ಮೊರ ಕಂಡಿತು. ಮೊರದ ಪಕ್ಕದ ಬಟ್ಟಲಲ್ಲಿ ಹಳದಿ ಕಾಳು ಕಂಡಿತು. ಅಲ್ಲೇ ನಿಂತರು.

"ಇದೇನಮ್ಮಾ, ಇವನ್ನ ಯಾಕೆ ಬೇರೆ ಇಟ್ಟಿದೀರಿ?"

"ಪ್ಲಾಸ್ಟಿಕ್ಕು ಸಿಸ್ಟರ್," ಎಂದಳು ದುರ್ಬೀನಕ್ಕ, ಒಳ್ಳೆಯ ಕೆಲಸ ಮಾಡುತ್ತಿರುವವಳ ದನಿಯಲ್ಲಿ. "ರೇಷನ್ ಅಕ್ಕಿಗೆ ಬೆರೆಸ್ತಾರೆ. ನಮ್ಮನೇಲಿ ಒಂದು ಕಾಳೂ ಪಾತ್ರೆಗೆ ಹೋಗಲ್ಲ. ಓಣಿಯವರ ಅಕ್ಕಿನೂ ನಾನೇ ಆರಿಸ್ಕೊಡ್ತೀನಿ."

ನರ್ಸು ಮೆಟ್ಟಿಲ ಮೇಲೆ ಕೂತೇಬಿಟ್ಟರು. "ಅಯ್ಯೋ ಅಮ್ಮಾ! ಎಷ್ಟು ಕಾಲದಿಂದ?"

ಆಮೇಲೆ ಬಿಡಿಸಿ ಹೇಳಿದರು. ಆ ಕಾಳು ಮೆಷಿನ್ನಿನದೇ, ಅದು ನಿಜ. ಅಕ್ಕಿಯನ್ನೇ ಹಿಟ್ಟು ಮಾಡಿ, ಅದಕ್ಕೆ ಕಬ್ಬಿಣದ ಅಂಶ, ಜೀವಸತ್ವ ಸೇರಿಸಿ, ಮತ್ತೆ ಅಕ್ಕಿಯ ಆಕಾರಕ್ಕೆ ಒತ್ತಿ, ಉಳಿದ ಅಕ್ಕಿಯಲ್ಲಿ ಅಲ್ಲೊಂದು ಇಲ್ಲೊಂದು ಬೆರೆಸುತ್ತಾರೆ. ಬರೀ ಅನ್ನ ತಿನ್ನುವವರ ಮೈಗೆ ರಕ್ತ ಕೂಡಲಿ ಎಂದೇ ಅದನ್ನು ಹಾಕುವುದು.

ದುರ್ಬೀನಕ್ಕ ಸುಲಭಕ್ಕೆ ಒಪ್ಪುವವಳಲ್ಲ. "ಹೇಗೆ ನಂಬೋದು?" ಎಂದಳು.

"ನಂಬಬೇಡಿ. ಸುಟ್ಟು ನೋಡಿ. ಪ್ಲಾಸ್ಟಿಕ್ ಸುಟ್ಟ ವಾಸನೆ ನಿಮಗೆ ಗೊತ್ತಲ್ಲ?"

ಒಳಗೆ ಹೋಗಿ ಚಮಚದಲ್ಲಿ ನಾಲ್ಕು ಕಾಳು ಹಾಕಿ ಉರಿಯ ಮೇಲೆ ಹಿಡಿದಳು. ಕರಗಲಿಲ್ಲ, ದಾರದ ಹಾಗೆ ಎಳೆಯಾಗಿ ಇಳಿಯಲಿಲ್ಲ. ಕರ್ರಗಾಗಿ ಸೀದ ಅನ್ನದ ವಾಸನೆ ಬಂತು. ಅಷ್ಟಕ್ಕೇ ಬಿಡದೆ ಒಂದು ಹಿಡಿಯನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿದಳು. ಬೆಂದ ಅಗುಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಸುಕಿದಳು, ನಾಲಿಗೆಗೆ ಹಚ್ಚಿ ನೋಡಿದಳು. ನರ್ಸು, ಸೊಸೆ, ನಾನು ಬಾಗಿಲಲ್ಲಿ ಕತ್ತು ಚಾಚಿ ನಿಂತಿದ್ದೆವು. "ಅನ್ನಾನೇ," ಎಂದಳು. ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

ನರ್ಸು ಸೊಸೆಯನ್ನು ಕಿಟಕಿಯ ಹತ್ತಿರ ಕರೆದು, ಹೆಬ್ಬೆರಳಿನಿಂದ ಅವಳ ಕಣ್ಣಿನ ಕೆಳರೆಪ್ಪೆಯನ್ನು ಕೆಳಗೆ ಎಳೆದರು. "ಇಲ್ಲಿ ನೋಡಿ ಅಮ್ಮಾ. ಇದು ಕೆಂಪಗಿರ್ಬೇಕು. ಎಷ್ಟು ಬೆಳ್ಳಗಿದೆ ನೋಡಿ." ಬಳಪ ತಿನ್ನುತ್ತೀಯಾ ಎಂದು ಕೇಳಿದರು. ಹುಡುಗಿ ತಲೆ ತಗ್ಗಿಸಿದಳು. ಅದೂ ರಕ್ತ ಕಡಿಮೆಯಾದದ್ದರ ಗುರುತೇ ಅಂತೆ. ಚಿಕ್ಕಮ್ಮ ಎನ್ನಿಸಿಕೊಂಡವಳು ನಾನೂ ತಲೆ ತಗ್ಗಿಸಿದೆ.

ದುರ್ಬೀನಕ್ಕ ಆ ಬಿಳಿ ರೆಪ್ಪೆಯನ್ನು ನೋಡುತ್ತ ನಿಂತಳು. "ಶರ್ಟಿನೊಳಗಿನ ದಾರ ಕಾಣ್ಸುತ್ತೆ ನಂಗೆ," ಎಂದಳು. "ಒಂದೇ ಮನೇಲಿ, ದಿನಾ ಕಣ್ಮುಂದೆ ಓಡಾಡೋಳು. ಇದು ಕಾಣ್ಸಲಿಲ್ವಲ್ಲೇ." ಅತ್ತೆ ಅತ್ತದ್ದನ್ನು ಆ ಸೊಸೆ ನೋಡಿದ್ದು ಅದೇ ಮೊದಲಿರಬೇಕು. ಪಾಪ, ಏನು ಮಾಡುವುದೆಂದು ತೋಚದೆ ಬಟ್ಟೆ ಮಡಿಸತೊಡಗಿದಳು.

"ಅಳೋಕೆ ಹೊತ್ತಿಲ್ಲ," ಎಂದರು ನರ್ಸು. "ಈ ಅಕ್ಕಿ ಔಷಧಿ ಅಲ್ಲ, ಊಟ. ಇದೊಂದರಿಂದಲೇ ಎಲ್ಲಾ ಸರಿಹೋಗಲ್ಲ. ಗುಳಿಗೆ ಬಿಡೋ ಹಾಗಿಲ್ಲ. ಖಾಲಿ ಹೊಟ್ಟೇಲಿ ಬೇಡ, ಊಟ ಆದ್ಮೇಲೆ ನುಂಗ್ಲಿ. ಜೊತೆಗೆ ಟೀ ಕುಡೀಬಾರ್ದು. ಸೊಪ್ಪು, ಕಾಳು, ಮೊಟ್ಟೆ ಬೇಕು. ಅಕ್ಕಿ ಪುಕ್ಕಟೆ ಕೊಡೋದು ಮೂರ್ಹೊತ್ತೂ ಬರೀ ಅನ್ನ ತಿನ್ಲಿ ಅಂತಲ್ಲಮ್ಮಾ. ಅದರಲ್ಲಿ ಉಳಿದ ದುಡ್ಡು ತಟ್ಟೆಗೇ ವಾಪಸ್ ಬರ್ಲಿ ಅಂತ."

ವಾಪಸ್ ಎಂಬ ಮಾತಿಗೆ ನಾನು ದುರ್ಬೀನಕ್ಕನ ಮುಖ ನೋಡಿದೆ. ಅವಳು ಸೆರಗಿನಿಂದ ಮೂಗೊರೆಸಿಕೊಂಡು ಆಗಲೇ ಚಪ್ಪಲಿ ಹುಡುಕುತ್ತಿದ್ದಳು.

ಮೊದಲು ಓಣಿ. ಒಂದೊಂದು ಬಾಗಿಲು ತಟ್ಟಿ, ಇನ್ನು ಮೇಲೆ ಆ ಕಾಳು ಆರಿಸಬೇಡಿ ಎಂದು ಹೇಳಿದಳು. ತಪ್ಪೊಪ್ಪಿಕೊಳ್ಳುವವರು ದನಿ ತಗ್ಗಿಸುತ್ತಾರೆ, ಇವಳದು ಜಗಳಕ್ಕೆ ಬಂದವಳ ದನಿ. ಮೂಲೆ ಮನೆಯ ಅಜ್ಜಿ ಬಿಡಲಿಲ್ಲ.

"ಪ್ಲಾಸ್ಟಿಕ್ಕು ಅಂತ ನೀನೇ ಅಲ್ವೇನೇ ಹೇಳಿದ್ದು?"

"ಹೌದಜ್ಜಿ, ನಾನೇ ಹೇಳ್ದೆ. ಈಗ ನಾನೇ ವಾಪಸ್ ತಗೋತಿದೀನಿ. ನನ್ ಮಾತು ವಾಪಸ್. ಆಯ್ತಾ?"

ಅಜ್ಜಿ ನಕ್ಕರು, ಓಣಿ ನಕ್ಕಿತು. ಅವಳು ಕ್ಯಾರೆ ಅನ್ನಲಿಲ್ಲ. ಅಲ್ಲಿಂದ ನೇರ ರೇಷನ್ ಅಂಗಡಿ. ನಾನೂ ಕುಂಟುತ್ತ ಹಿಂದೆ ಹೋದೆ, ಇಂಥದ್ದನ್ನು ತಪ್ಪಿಸಿಕೊಳ್ಳಲಾಗುತ್ತದೆಯೇ? ನರ್ಸು ಹೇಳಿದಂತೆ ಆ ಕಾಳಿನ ಬಗ್ಗೆ ಬೋರ್ಡು ಬಂದಿರಬೇಕಲ್ಲ, ಎಲ್ಲಿ ಎಂದು ಕೇಳಿದಳು. ಅವನು ತಲೆ ಕೆರೆದುಕೊಂಡು ಚೀಲಗಳ ಹಿಂದೆ ಕೈತೋರಿಸಿದ. ಗೋಡೆಯ ತೇವ ಚೀಲಕ್ಕೆ ತಾಗದಿರಲಿ ಎಂದು ಬೋರ್ಡನ್ನು ಅಲ್ಲಿ ಅಡ್ಡ ಇಟ್ಟಿದ್ದನಂತೆ. ದೊಡ್ಡ ಅಕ್ಷರದಲ್ಲಿ ಎಲ್ಲವೂ ಬರೆದಿತ್ತು, ಕಾಳಿನ ಚಿತ್ರವೂ ಇತ್ತು. ಅವಳು ಅವನಿಂದಲೇ ಮೊಳೆ ಹೊಡೆಸಿ ಬಾಗಿಲ ಪಕ್ಕ ತೂಗುಹಾಕಿಸಿದಳು.

"ಸಾಕೇನಮ್ಮಾ?" ಎಂದು ಅವನು ಬೆವರೊರೆಸಿಕೊಂಡ.

ಅವಳು ಎರಡು ಹೆಜ್ಜೆ ಹಿಂದೆ ಸರಿದು, ಕತ್ತು ವಾರೆ ಮಾಡಿ ನೋಡಿದಳು. "ಬಲಗಡೆ ಇಳಿದಿದೆ. ವಾಪಸ್," ಎಂದಳು. ಅವನು ಮತ್ತೆ ಸ್ಟೂಲು ಹತ್ತಿದ. ಆ ವಾಪಸ್ ಕೇಳಿ ನನಗೆ ಅರ್ಧ ಜೀವ ಬಂತು.

ಮನೆಯಲ್ಲೂ ಬದಲಾಯಿತು. ಗಂಡಸರು ಉಂಡ ಮೇಲೆ ಪಾತ್ರೆಯ ತಳ ಕೆರೆದುಕೊಳ್ಳುವುದು ಆ ಮನೆಯ ಹೆಂಗಸರ ರೂಢಿಯಾಗಿತ್ತು. ಈಗ ಮೊದಲ ತಟ್ಟೆ ಸೊಸೆಯದು. ಅನ್ನದ ಗುಡ್ಡ ತಗ್ಗಿತು, ಪಕ್ಕದಲ್ಲಿ ಸೊಪ್ಪು ಬಂತು, ಬೇಳೆ ಗಟ್ಟಿಯಾಯಿತು. ಹುಳಿ ಇದ್ದರೆ ಕಬ್ಬಿಣ ಮೈಗೆ ಹತ್ತುತ್ತದಂತೆ ಎಂದು ಮಗ ಚಿಪ್ಸಿನ ಬದಲು ನಿಂಬೆಹಣ್ಣು ತಂದ. ಬಣ್ಣ ಬಳಿಯುವ ಗಂಡ ಸಂಜೆಗೊಂದು ಸೊಪ್ಪಿನ ಕಟ್ಟು ಹಿಡಿದುಕೊಂಡೇ ಬಂದ. ಬಾಡಿದ ಸೊಪ್ಪು ಎಂದಿನಂತೆ ವಾಪಸ್ ಹೋಯಿತು. ಗೋಡೆಯಾಚೆ ಆ ಮಾತು ಮತ್ತೆ ಕೇಳಿದಾಗ ನನಗೆಷ್ಟು ಖುಷಿಯಾಯಿತೆಂದರೆ, ಒಬ್ಬಳೇ ಕೂತು ನಕ್ಕೆ.

ಗುಳಿಗೆ ಊಟದ ಮೇಲೆ ನುಂಗಿದ್ದಕ್ಕೆ ಹೊಟ್ಟೆಯಲ್ಲಿ ನಿಂತಿತು. ಅತ್ತೆ ಎದುರಿಗೇ ಕೂತು ಬಾಯಿ ತೆರೆಸಿ ನಾಲಿಗೆಯಡಿಯೂ ನೋಡುತ್ತಿದ್ದಳು. ಇನ್ನು ಮೊಟ್ಟೆ ನನ್ನ ಪಾಲಿನ ಕೆಲಸ. ಓಣಿಯ ಕಬ್ಬಿಣವನ್ನೆಲ್ಲ ತಿಂದು ಕೊಬ್ಬಿದವು ನನ್ನ ಕೋಳಿಗಳೇ ಅಲ್ಲವೇ? ದಿನ ಬೆಳಗಾದರೆ ಬಿಸಿ ಮೊಟ್ಟೆ ತಂದು ಕೊಡುತ್ತಿದ್ದೆ. "ಸುಮ್ನೆ ಯಾಕೆ ಚಿಕ್ಕಮ್ಮ?" ಎಂದು ಹುಡುಗಿ ಸಂಕೋಚಪಟ್ಟರೆ, "ನಿನ್ ಅಕ್ಕಿನೇ ಕಣೇ ಇದು. ಸ್ವಲ್ಪ ಸುತ್ತು ಬಳಸಿ ಬಂದಿದೆ, ಅಷ್ಟೇ," ಎನ್ನುತ್ತಿದ್ದೆ.

ಮುಂದಿನ ಪರೀಕ್ಷೆಗೆ ನಾವು ಮೂವರೂ ಹೋದೆವು. ನರ್ಸು ಒಳಗಿನಿಂದ ಬರುವವರೆಗೆ ದುರ್ಬೀನಕ್ಕ ಬೆಂಚಿನ ಮೇಲೆ ಕೂತು ನನ್ನ ಸೀರೆಯಂಚಿನ ಬಿಟ್ಟ ದಾರವನ್ನು ಸುಮ್ಮನೆ ಎಳೆಯುತ್ತಲೇ ಇದ್ದಳು. ಅಂಚೆಲ್ಲ ಬಿಚ್ಚಿಹೋಯಿತು, ಎಳೆಯಲಿ ಎಂದು ಬಿಟ್ಟೆ. ಬಾಗಿಲು ತೆರೆದು ಹೊರಬಂದ ನರ್ಸಿನ ಮುಖ ನೋಡಿಯೇ ಅರ್ಧ ಗೊತ್ತಾಯಿತು.

"ಏರಿದೆ ಅಮ್ಮಾ. ಇನ್ನೂ ಏರ್ಬೇಕು, ಬಿಡ್ಬೇಡಿ. ಆದ್ರೆ ದೊಡ್ಡಾಸ್ಪತ್ರೆ ಬೇಕಾಗಿಲ್ಲ. ಹೆರಿಗೆ ಇಲ್ಲೇ ಆಗ್ಲಿ."

ದುರ್ಬೀನಕ್ಕ ಉಸಿರು ಬಿಟ್ಟಳು. ಎಷ್ಟು ಕಾಲದಿಂದ ಹಿಡಿದಿಟ್ಟಿದ್ದಳೋ ಏನೋ, ಬೆಂಚೇ ಹಗುರಾದ ಹಾಗಾಯಿತು. ದಾರಿಯಲ್ಲಿ ಮೂವರೂ ಒಂದೊಂದು ಕಿತ್ತಳೆ ಸುಲಿದುಕೊಂಡು ತಿನ್ನುತ್ತ, ಕಾರಣವಿಲ್ಲದೆ ನಗುತ್ತ ಬಂದೆವು.

ಹೆರಿಗೆ ಸಲೀಸಾಗಿ ಆಯಿತು. ಹೆಣ್ಣು ಮಗು. ಬೆಳಿಗ್ಗೆ ನಮ್ಮನ್ನು ಒಳಗೆ ಬಿಟ್ಟಾಗ ಎಲ್ಲರೂ ತೊಟ್ಟಿಲಿಗೆ ಮುಗಿಬಿದ್ದರು. ಮಗ, ಗಂಡ, ಬೀಗಿತ್ತಿ, ಎಲ್ಲರಿಗೂ ಮೂಗು ಯಾರದು ಎಂಬುದೇ ಚರ್ಚೆ. ನಾನು ದುರ್ಬೀನಕ್ಕನಿಗೆ ದಾರಿ ಬಿಟ್ಟು ನಿಂತೆ. ಈಗ ಮಗುವನ್ನು ಎತ್ತಿ ಬೆಳಕಿಗೆ ಹಿಡಿದು, ಬೆರಳೆಣಿಸಿ, ಕಿವಿ ಮಡಿಸಿ ಏನಾದರೊಂದು ಕೊಂಕು ಹುಡುಕುತ್ತಾಳೆ ಎಂದು ಕಾಯುತ್ತಿದ್ದೆ. ಅವಳು ತೊಟ್ಟಿಲನ್ನು ದಾಟಿಕೊಂಡು ಹೋದಳು.

ಸೊಸೆಯ ಮಂಚದ ಪಕ್ಕದ ಕಿಟಕಿಯ ಪರದೆ ಸರಿಸಿದಳು. ಅವಳ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ, ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದಳು. ಒಂದು ಕಣ್ಣು, ಆಮೇಲೆ ಇನ್ನೊಂದು.

"ಅತ್ತೆ, ಮಗು ಅಲ್ಲಿದೆ," ಎಂದಳು ಹುಡುಗಿ.

"ಗೊತ್ತು. ಅಲ್ಲಾಡ್ಬೇಡ, ಸುಮ್ನಿರು."

ಬಗ್ಗಿ ನೋಡಿದಳು. ಕಾರ್ಖಾನೆಯಲ್ಲಿ ಯಾವ ಶರ್ಟನ್ನೂ ಅಷ್ಟು ಹೊತ್ತು ನೋಡಿದವಳಲ್ಲ. ನಾನೂ ಅವಳ ಹೆಗಲ ಮೇಲಿಂದ ಇಣುಕಿದೆ. ರೆಪ್ಪೆಯ ಒಳಗೆ ನಸುಗೆಂಪು ಇತ್ತು.

"ಪಾಸ್," ಎಂದಳು ದುರ್ಬೀನಕ್ಕ.

ಗುಂಡಿ ಹಚ್ಚಿ ಹಚ್ಚಿ ಬೆರಳು ಸವೆಸಿದ ನನಗೆ ಒಂದು ದಿನವೂ ದಕ್ಕದ ಮಾತು ಅದು. ಹೊಟ್ಟೆಕಿಚ್ಚೇನೂ ಆಗಲಿಲ್ಲ. ಬಿಚ್ಚಿಹೋದ ಸೀರೆಯಂಚಿನಲ್ಲೇ ಕಣ್ಣೊರೆಸಿಕೊಂಡು, ಮಗುವಿನ ಮೂಗು ಯಾರದೆಂದು ನೋಡಲು ನಾನೂ ತೊಟ್ಟಿಲ ಕಡೆ ಹೋದೆ.